ಹಡಗಿನಿಂದ ಬಂದ ಬಕೀಟು

ದೆವ್ವ, ಶಕುನ, ಮೈಮೇಲೆ ದೇವರು ಬರುವುದು, ಇಂಥವನ್ನು ನಂಬಿದವನು ನಾನಲ್ಲ. ಗಜೇಂದ್ರಗಡದಲ್ಲಿ ನನ್ನದು ಕೈಮಗ್ಗದ ಸೀರೆಯ ಅಂಗಡಿ. ಎಂಥ ನೇಕಾರ ಸೀರೆ ತಂದರೂ ಬೆರಳು ಒದ್ದೆ ಮಾಡಿಕೊಂಡು ಅಂಚು ಉಜ್ಜಿ, ಬಣ್ಣ ಬಿಡುತ್ತದೋ ಎಂದು ನೋಡಿಯೇ ತೆಗೆದುಕೊಳ್ಳುತ್ತೇನೆ. ಮನುಷ್ಯರನ್ನೂ ಹಾಗೆಯೇ ಉಜ್ಜಿ ನೋಡುತ್ತೇನೆಂದು ಹೆಂಡತಿ ಬೈಯುತ್ತಾಳೆ. ಇರಲಿ. ಕೆಲವು ವರ್ಷಗಳ ಹಿಂದೆ ಲಕ್ಕಲಕಟ್ಟಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಕಂಡದ್ದು ಮಾತ್ರ ಎಷ್ಟು ಉಜ್ಜಿದರೂ ಇನ್ನೂ ಬಣ್ಣ ಬಿಟ್ಟಿಲ್ಲ.

ಅಕ್ಕನ ಗಂಡ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅವರು ಸಮುದ್ರದಲ್ಲಿ ಕಾಣೆಯಾದರೆಂದು ಸುದ್ದಿ ಬಂತು. ಕಾಣೆಯಾದರು, ಅಷ್ಟೇ. ಹೆಣ ಸಿಗಲಿಲ್ಲ, ಹೇಗಾಯಿತೆಂದು ಯಾರೂ ಹೇಳಲಿಲ್ಲ. ಅಕ್ಕ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಊರೂ ಸುಮ್ಮನಿತ್ತು. ಮಾತು ಎದ್ದದ್ದು ಮಗಳ ಮದುವೆ ಗೊತ್ತಾದ ಮೇಲೆ. ನಮ್ಮಲ್ಲಿ ಮದುವೆಗೆ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂತ ಮದುಮಗಳಿಗೆ ಮುತ್ತೈದೆಯರು ನೀರು ಹಾಕುತ್ತಾರೆ. ಅಕ್ಕ ಆ ನೀರು ಹಾಕಬಹುದೋ, ಹಾಕಬಾರದೋ? ಗಂಡಿನ ಕಡೆಯ ಹಿರಿಯರಿಗೆ ಒಂದು ಖಚಿತ ಉತ್ತರ ಬೇಕಿತ್ತು.

ಸರಿಯಾಗಿ ಆಗಲೇ ಪುರ್ತಗೇರಿಯ ಈರಪ್ಪ ಪ್ರತ್ಯಕ್ಷನಾದ. ಭಾವನ ಜೊತೆ ಅದೇ ಹಡಗಿನಲ್ಲಿದ್ದೆ, ಅವರು ನೀರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡೆ ಅಂದ. ಹಾಗಾದರೆ ಇಷ್ಟು ವರ್ಷ ಎಲ್ಲಿ ಸತ್ತಿದ್ದ? ಅವನು ಹಡಗು ಹತ್ತಿಯೇ ಇಲ್ಲ, ಗೋವಾದ ಹೋಟೆಲಿನಲ್ಲಿ ಪ್ಲೇಟು ತೊಳೆಯುತ್ತಿದ್ದ ಎಂದು ಅವನ ಊರಿನವರೇ ಆಡಿಕೊಳ್ಳುತ್ತಿದ್ದರು. ಗಂಡಿನ ಕಡೆಯವರೇ ಕರೆಸಿರಬೇಕೆಂದು ನನಗೆ ಗುಮಾನಿ. ಸಾಕ್ಷಿಗೆಂದು ಅವನು ತಂದದ್ದು ಒಂದು ದಪ್ಪ ಕ್ಯಾನ್ವಾಸಿನ ಬಕೀಟು, ಹಗ್ಗ, ಹಿತ್ತಾಳೆ ಕವಚದ ಥರ್ಮಾಮೀಟರು. ಹವಾಮಾನದ ಲೆಕ್ಕಕ್ಕೆಂದು ಭಾವ ಅದರಿಂದಲೇ ಸಮುದ್ರದ ಮೇಲ್ನೀರು ಸೇದಿ, ಎಷ್ಟು ಬಿಸಿಯಿದೆ ಎಂದು ನೋಡುತ್ತಿದ್ದರಂತೆ. ಹಾಗೆ ಸೇದುವಾಗಲೇ ಅಲೆಗೆ ಜೋಲಿ ತಪ್ಪಿದರಂತೆ.

"ಮನಷ್ಯಾ ಹೋದ, ಬಕೀಟ ಹ್ಯಾಂಗ ಉಳೀತೋ?" ಎಂದು ಕೇಳಿದೆ.

"ಹಗ್ಗ ಹಡಗಿನ ಕಂಬಿಗೆ ಕಟ್ಟಿತ್ರಿ. ಅವರನ್ನ ಯಾರೂ ಕಟ್ಟಿರಲಿಲ್ರಿ," ಅಂದ.

ಹಡಗು ಹತ್ತಿದವನೇ ಆದರೆ ಆ ನೀರು ಅಳೆಯುವುದನ್ನು ಮಾಡಿ ತೋರಿಸು ಅಂದೆ. ಬಾವಿಯ ನೀರು ನಾನೇ ಸೇದಿದೆ, ಅವನ ಕೈ ಸೋಕಗೊಡಲಿಲ್ಲ. ಅರ್ಧ ನೀರು ಸ್ಟೀಲಿನ ಕೊಡಕ್ಕೆ, ಅರ್ಧ ಕ್ಯಾನ್ವಾಸಿಗೆ. ಬಕೀಟಿನ ಹಗ್ಗವನ್ನು ಅಕ್ಕನ ಅಂಗಳದ ಬೇವಿನ ಟೊಂಗೆಯ ಮೇಲೆ ಹಾಯಿಸಿ ಒಬ್ಬರು ಹಿಡಿದು ನಿಲ್ಲಬೇಕು. ನೆರಳು ದಟ್ಟವಾಗಿತ್ತು, ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು.

"ಈ ಬಕೀಟ ಸುಳ್ಳ ಹೇಳತೈತ್ರಿ," ಎಂದ ಈರಪ್ಪ. "ಹಸಿ ಕ್ಯಾನ್ವಾಸ ಅರಿವಿಗೆ ಗಾಳಿ ಬಡದ್ರ ಮಣ್ಣಿನ ಹರವಿ ನೀರಿನಂಗ ತಂಪಾಕ್ಕೈತಿ. ಅದಕ್ಕ ಲಗೂ ನೋಡಬೇಕ್ರಿ. ಆಮ್ಯಾಲೆ ಇಂಜಿನ್ನಿಗೆ ನೀರ ಜಗ್ಗೋ ಪೈಪಿನ್ಯಾಗ ಥರ್ಮಾಮೀಟರ್ ಕೂಡ್ಸಿದ್ರು. ಅದು ಇಂಜಿನ್ ಕಾವಿಗೆ ಜಾಸ್ತಿ ತೋರಸತಿತ್ತು. ಖರೇ ಯಾವುದೂ ಹೇಳಂಗಿಲ್ರಿ."

ಅವನು ಹೇಳಿದಂತೆಯೇ ಆಯಿತು. ಕೊಡದ ನೀರು ಇದ್ದ ಹಾಗೆಯೇ ಇತ್ತು. ಕ್ಯಾನ್ವಾಸಿನದು ನನ್ನ ಕಣ್ಣೆದುರೇ ತಣ್ಣಗಾಗುತ್ತ ಹೋಯಿತು. ನಾನು ಹಗ್ಗ ಹಿಡಿದಾಗಲೂ, ಅಲ್ಲಿ ಕೂತಿದ್ದ ಗಂಡಿನ ಕಡೆಯ ಹಿರಿಯರು ಹಿಡಿದಾಗಲೂ ಪಾದರಸ ಇಳಿಯಿತು. ಈರಪ್ಪ ಹಡಗಿನಲ್ಲಿ ದುಡಿದವನೇ ಎಂದು ಒಪ್ಪದೆ ದಾರಿಯಿರಲಿಲ್ಲ. ಹಿರಿಯರು ಅಕ್ಕನ ಹಣೆ ನೋಡಿದರು. ಅವನನ್ನು ಬಯಲಿಗೆಳೆಯಲು ಹೋಗಿ ಅವಳ ಕುಂಕುಮಕ್ಕೆ ನಾನೇ ಕೈಹಾಕಿದ್ದೆ.

"ಒಂದ್ಸಲ ನಾನೂ ಹಿಡೀತೀನಿ, ಕೊಡೋ ತಮ್ಮಾ," ಅಂದಳು ಅಕ್ಕ.

ಅವಳು ಹಿಡಿದದ್ದು ಹಗ್ಗವನ್ನಷ್ಟೇ, ಬಕೀಟಿನ ಹತ್ತಿರವೂ ಹೋಗಲಿಲ್ಲ. ಪಾದರಸ ಏರತೊಡಗಿತು. ಕೊಡದ ನೀರಿನ ಅಂಕೆಯನ್ನು ದಾಟಿ, ಜ್ವರವಿಲ್ಲದ ಮನುಷ್ಯನ ಮೈಕಾವು ಎಷ್ಟೋ ಅಲ್ಲಿಗೆ ಬಂದು ನಿಂತಿತು. ಕೈ ಅದ್ದಿದೆ. ಬೆಚ್ಚಗಿತ್ತು. ಆ ನೀರು ಚೆಲ್ಲಿ, ಬೇರೆ ನೀರು ಸೇದಿ ತಂದು ಹಾಕಿದೆ. ಮತ್ತೆ ಅದೇ. ಈರಪ್ಪನನ್ನು ದಿಟ್ಟಿಸಿದೆ. ಮೋಸ ಮಾಡಿದವರ ಮುಖ ಅಂಗಡಿಯಲ್ಲಿ ದಿನಾ ನೋಡುತ್ತೇನೆ, ಅವನದು ಅಂಥದಾಗಿರಲಿಲ್ಲ. ಅವನು ಹೆದರಿದ್ದ. ನಾನೂ ಹೆದರಿದ್ದೆ.

"ಇದೂ ಸುಳ್ಳೇನ್ರಿ, ಅಣ್ಣಾ?" ಅಕ್ಕ ಅವನನ್ನು ಕೇಳಿದಳು.

ಅವನು ಬಕೀಟನ್ನು ಅಲ್ಲೇ ಬಿಟ್ಟು ಹೋದ.

ಭಾವ ಇಂದಿಗೂ ಬಂದಿಲ್ಲ. ಥರ್ಮಾಮೀಟರು ಕೆಟ್ಟಿತ್ತೇ, ನೆರಳು ಸರಿದಿತ್ತೇ, ಈರಪ್ಪ ನನ್ನ ಕಣ್ಣಿಗೆ ಮಣ್ಣೆರಚಿದನೇ ಎಂದು ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತೇನೆ. ಒಂದೊಂದು ದಿನ ಒಂದೊಂದನ್ನು ನಂಬಿ, ಮರುದಿನ ಬಿಡುತ್ತೇನೆ.

ಸುರಗಿಯ ದಿನ ಅಕ್ಕನೇ ನೀರು ಹಾಕಿದಳು. ಯಾರೂ ಬೇಡ ಅನ್ನಲಿಲ್ಲ. ಬಾವಿಯಿಂದ ಆ ನೀರು ಸೇದಿ ತಂದಿಟ್ಟವನು ನಾನೇ. ಮೊದಲ ತಂಬಿಗೆ ತಲೆಯ ಮೇಲೆ ಬಿದ್ದಾಗ ಮಗಳು ತಿರುಗಿ ಕೇಳಿದಳು.

"ಅವ್ವಾ, ನೀರ ಯಾರ ಕಾಸಿದ್ರು?"

ನಾನು ಎದ್ದು ಹೋಗಿ ಒಲೆ ಮುಟ್ಟಿ ನೋಡಿದೆ. ತಣ್ಣಗಿತ್ತು.