ಸಣ್ಣ ಪಿನ್ನು

ಓಣಿಯವರೆಲ್ಲ ಅವಳನ್ನು ಕತ್ತರಿ ಅತ್ತಿಗೆ ಎನ್ನುತ್ತಾರೆ. ಬಟ್ಟೆ ಹೊಲಿಯುವುದು ಕಸುಬು, ಬಾಯಿಯೂ ಕತ್ತರಿಯೇ. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದು ನಿಂತರೆ, "ಉಸಿರು ಬಿಡ್ರೀ, ಬಟ್ಟೆ ಹಾಕ್ಕೊಳ್ಳೋದು ನೀವು, ನಿಮ್ಮ ಜಂಬ ಅಲ್ಲ" ಎನ್ನುವವಳು. ಗಂಡನ ಗಂಟಲು ಹೋದ ಮೇಲೆ ಆ ಬಾಯಿಗೆ ಇಬ್ಬರ ಕೆಲಸ ಬಿತ್ತು.

ಗಂಡ ಬಣ್ಣದ ಕಾರ್ಖಾನೆಯ ಒಣಗಿಸುವ ಕೋಣೆಯಲ್ಲಿ ಮೇಸ್ತ್ರಿಯಾಗಿದ್ದ. ಕಿಟಕಿಯಿಲ್ಲದ ಕೋಣೆ. ಹೊಗೆ ಹೊರಗೆಳೆಯುವ ಫ್ಯಾನು ಹಾಕಿಸಿ ಎಂದು ಕೇಳಿ ಕೇಳಿ, ಕೊನೆಗೆ ಕೇಳುವುದಕ್ಕೆ ಗಂಟಲೇ ಉಳಿಯಲಿಲ್ಲ; ಡಾಕ್ಟರು ಕತ್ತರಿಸಿ ತೆಗೆದರು. ಈಗ ಟಾರ್ಚಿನಂಥ ಒಂದು ಯಂತ್ರವನ್ನು ಕುತ್ತಿಗೆಗೆ ಒತ್ತಿ ತುಟಿಯಾಡಿಸಿದರೆ ಜೀರುಂಡೆಗೆ ಬಾಯಿ ಬಂದಂತೆ ಮಾತು ಹೊರಡುತ್ತದೆ. "ನಮ್ಮನೆಯವರನ್ನೂ ಚಾರ್ಜಿಗೆ ಹಾಕ್ಬೇಕು ಕಣ್ರೀ" ಎಂದು ಅವಳೇ ತಮಾಷೆ ಮಾಡುತ್ತಾಳೆ. ಬೇರೆಯವರು ನಕ್ಕರೆ ಮಾತ್ರ ಅವರ ಗ್ರಹಚಾರ.

ಕಾರ್ಖಾನೆಯಲ್ಲಿ ವಿಚಾರಣೆಯಿತ್ತು. ಫ್ಯಾನು ಹಾಕಿಸಲೇಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರದ ಅಧಿಕಾರಿ ಬರುವವರಿದ್ದರು. ಹೊಗೆಯ ವಿಷಯ ಎದುರಿಗೆ ನಿಂತು ಹೇಳುತ್ತೇನೆಂದು ಒಪ್ಪಿದವನು ಗಂಡನೊಬ್ಬನೇ. ಈಗ ಅದೇ ಕೋಣೆಯಲ್ಲಿ ದುಡಿಯುವ, ಆಗಲೇ ಕೆಮ್ಮು ಹತ್ತಿಸಿಕೊಂಡ ಮೈದುನ ಜಾರಿಕೊಂಡಿದ್ದ. "ನಾನು ಬಾಯಿ ಬಿಟ್ರೆ ಗೇಟಿನ ಹೊರಗೆ, ಅತ್ತಿಗೆ. ಅಣ್ಣ ಹೇಳ್ತಾನಲ್ಲ, ಸಾಕು ಬಿಡಿ."

ವಿಚಾರಣೆಯ ಹಿಂದಿನ ಸಂಜೆ, ಯಂತ್ರದ ಚಾರ್ಜು ಮುಗಿದ ಹೊತ್ತಿಗೇ, ಅದರ ಚಾರ್ಜಿನ ಕೇಬಲ್ಲು ಕೈಕೊಟ್ಟಿತು. ಪಿನ್ನಿನ ಬುಡದಲ್ಲಿ ಸವೆದದ್ದಕ್ಕೆ ಅವಳು ದಾರ ಸುತ್ತಿ ಸುತ್ತಿ ಜೀವ ಹಿಡಿಸಿದ್ದಳು. ಅವತ್ತು ತುಂಡಾಗಿ ಕೈಗೇ ಬಂತು. ಬಿಸ್ಕತ್ತಿನ ಡಬ್ಬ ಬೋರಲು ಹಾಕಿದಳು. ಸತ್ತ ಮೊಬೈಲುಗಳು ಬಿಟ್ಟುಹೋದ ಬಾಲಗಳೆಲ್ಲ ಅದರಲ್ಲಿದ್ದವು: ಕಡ್ಡಿಯಂಥ ಗುಂಡು ಪಿನ್ನು, ಬಾಚಣಿಗೆಯಂಥ ಅಗಲ ಪಿನ್ನು, ಹೇಗೆ ತಿರುಗಿಸಿ ಹಾಕಿದರೂ ಕೂರುವ ಸಿ ಪಿನ್ನು. ಇನ್ನೊಂದು ತುದಿಯ ಚಪ್ಪಟೆ ಯುಎಸ್‌ಬಿಯಂತೂ ಮೊದಲ ಸಲ ಯಾವತ್ತೂ ಉಲ್ಟಾನೇ. ಯಂತ್ರದ ತೂತಿಗೆ ಹೊಂದುವುದು ಒಂದೂ ಇಲ್ಲ.

"ಅಂಗಿಗೊಂದು ಬೇರೆ ಸೂಜಿ ಬೇಕು ಅಂತ ನಾನಂದ್ರೆ ಜನ ಮೆಷಿನ್ನಿನ ಸಮೇತ ನನ್ನನ್ನ ಬೀದಿಗೆ ಎಸೀತಾರೆ," ಎಂದು ಡಬ್ಬಕ್ಕೆ ಬೈದಳು. "ಈ ಪಿನ್ನು ಮಾಡೋರನ್ನ ಮಾತ್ರ ಕೇಳೋರೇ ಇಲ್ಲ!"

ಮೈದುನನಿಗೆ ಫೋನು ಮಾಡಿದಳು. "ಬರ್ತಾ ಅಣ್ಣನ ಮೆಷಿನ್ನಿಗೆ ಸಣ್ಣ ಪಿನ್ನಿನ ಕೇಬಲ್ ತಾ."

ತಪ್ಪಾದದ್ದು ಇಲ್ಲೇ. ಅವಳ ಲೆಕ್ಕದ ಸಣ್ಣ ಪಿನ್ನು ಎಂದರೆ ಮಿನಿ: ಮೋಟಾಗಿ, ಪಕ್ಕೆ ಒಳಕ್ಕೆ ಸರಿದದ್ದು. ಮೈದುನನ ಲೆಕ್ಕದ ಸಣ್ಣ ಪಿನ್ನು ಅದಕ್ಕಿಂತ ತೆಳ್ಳಗಿನ ಮೈಕ್ರೋ. ಒಂದಕ್ಕೆ ಮಿನಿ, ಇನ್ನೊಂದಕ್ಕೆ ಮೈಕ್ರೋ ಎಂದು ಹೆಸರಿಟ್ಟ ಮಹಾನುಭಾವರಿಗೆ, ಮನೆಮಾತಿನಲ್ಲಿ ಎರಡೂ ಸಣ್ಣದೇ ಎಂದು ಯಾರು ಹೇಳಬೇಕಿತ್ತು? ಒಂದೇ ಕೆಲಸಕ್ಕೆ ಇಷ್ಟು ಮೂತಿ ಮಾಡಿ, ಹಳೆಯದನ್ನು ಕಸಕ್ಕೆಸೆದು, ಅದನ್ನೇ ಪ್ರಗತಿ ಎಂದವರಿಗೆ?

ಅವಳು ಬಟ್ಟೆ ಕೊಡಲು ಆಚೆ ಹೋಗಿದ್ದಾಗ ಮೈದುನ ಬಂದ. ಪಿನ್ನು ಚುಚ್ಚಿದ. ಕೂರಲಿಲ್ಲ. ಕೂರದಿದ್ದರೆ ತೆಗೆಯಬೇಕು, ಇವನು ಒತ್ತಿದ. ತೂತಿನೊಳಗಿನ ನಾಲಗೆ ಪಟ್ಟೆಂದು ಮುರಿಯಿತು.

"ನಾಲಗೇನೇ ಮುರಿದ್ಯಲ್ಲೋ!" ತಿರುಗಿ ಬಂದವಳು ಕಿರುಚಿದಳು.

"ಸಣ್ಣ ಪಿನ್ನು ಅಂದ್ರಲ್ಲ ಅತ್ತಿಗೆ, ಸಣ್ಣದೇ ತಂದೆ..."

"ನಿನ್ನ ಬುದ್ಧಿಗಿಂತ ಸಣ್ಣದನ್ನ ತಾ ಅಂದ್ನಾ?"

ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಳು. ಮೊಬೈಲ್ ಅಂಗಡಿಯವನು ಯಂತ್ರವನ್ನು ತಿರುಗಿಸಿ ನೋಡಿ ಹಿಂದಕ್ಕೆ ತಳ್ಳಿದ. "ಈ ಪಿನ್ನು ನಿಂತುಹೋಗಿ ಕಾಲವಾಯ್ತಕ್ಕ. ತೂತು ಬದಲಾಯಿಸೋಣ ಅಂದ್ರೂ ಬಿಡಿಭಾಗ ಸಿಗಲ್ಲ. ಈಗೆಲ್ಲ ಸಿ. ಹೊಸಾ ಮೆಷಿನ್ ತಗೊಳ್ಳಿ."

"ಇವತ್ತು ಸಿಗುತ್ತಾ?"

"ತರಿಸ್ಬೇಕು."

"ನಮ್ಮನೆಯವರು ಇವತ್ತು ಮಾತಾಡ್ಬೇಕಪ್ಪಾ."

"ಅಪ್‌ಡೇಟ್ ಆಗ್ಬೇಕಕ್ಕ, ಕಾಲ ಯಾರಿಗೂ ಕಾಯಲ್ಲ."

"ಹೌದಪ್ಪಾ, ಆ ಕಾಲಾನ ಮಾರೋನೂ ನೀನೇ!" ಎಂದು ಯಂತ್ರ ಕಿತ್ತುಕೊಂಡು ಬಂದಳು.

ಕಾರ್ಖಾನೆಯ ಕಚೇರಿಯಲ್ಲಿ ಮೇಜಿನಾಚೆ ಅಧಿಕಾರಿ, ಪಕ್ಕದಲ್ಲಿ ಮ್ಯಾನೇಜರು. ಗೋಡೆಗೊರಗಿ ಕೆಲಸಗಾರರು ನಿಂತಿದ್ದರು. ಅವರಲ್ಲಿ ತಲೆ ತಗ್ಗಿಸಿದ ಮೈದುನ. ಗಂಡ ಎದ್ದು ತುಟಿಯಾಡಿಸಿದ. ಸದ್ದಿಲ್ಲ; ಬರೆದು ತೋರಿಸೋಣವೆಂದರೆ ಅವನಿಗೆ ಅಕ್ಷರ ಬಾರದು.

"ಅವರು ಹೇಳ್ತಿರೋದು ನಂಗೆ ಗೊತ್ತಾಗುತ್ತೆ, ನಾನು ಹೇಳ್ತೀನಿ ಸಾರ್," ಎಂದಳು.

"ಹಾಗಾಗಲ್ಲಮ್ಮ. ಆ ಕೋಣೇಲಿ ಕೆಲಸ ಮಾಡಿದವರೇ ಹೇಳ್ಬೇಕು."

ಮ್ಯಾನೇಜರು ನಯವಾಗಿ ನಕ್ಕ. "ನಾನಾಗ್ಲೇ ಹೇಳಿದ್ನಲ್ಲ ಸಾರ್, ಹೊಗೆ ಬಗ್ಗೆ ಇಲ್ಲಿ ಯಾರೂ ದೂರೇ ಹೇಳಿಲ್ಲ."

ಅವಳು ಸತ್ತ ಯಂತ್ರವನ್ನು ಮೇಜಿಗೆ ಕುಕ್ಕಿದಳು. "ಹೇಳೋ ಗಂಟಲನ್ನೇ ತಿಂದುಬಿಟ್ರೆ ದೂರು ಎಲ್ಲಿಂದ ಬರುತ್ತೆ? ಇದಕ್ಕೂ ಬಾಯಿಲ್ಲ, ಅವರಿಗೂ ಬಾಯಿಲ್ಲ. ಬಾಯಿದ್ದೋರು ಅಲ್ಲಿ ಗೋಡೆಗೆ ಸುಣ್ಣ ಹೊಡೆದ ಹಾಗೆ ಅಂಟ್ಕೊಂಡಿದ್ದಾರೆ ನೋಡಿ!"

ಗೋಡೆಯ ಕಡೆಯಿಂದ ಕೆಮ್ಮು ಕೇಳಿತು. ಮೈದುನ ಯಂತ್ರವನ್ನೇ ನೋಡುತ್ತಿದ್ದ. ಅದರ ಮುರಿದ ತೂತು ಅವನ ಕಡೆಗೇ ಇತ್ತು.

"ನಂದಿನ್ನೂ ಇದೆ ಸಾರ್, ಗಂಟಲು." ದನಿ ಒಡೆದಿತ್ತು. "ಅದೇ ಕೋಣೇಲಿದ್ದೀನಿ. ನನ್ನನ್ನ ಕೇಳಿ."

ಮ್ಯಾನೇಜರ ನಗು ನಿಂತಿತು. ಮೈದುನ ಹೇಳುತ್ತಾ ಹೋದ. ನಡುನಡುವೆ ಕೆಮ್ಮು ಬಂದು ಉಳಿದದ್ದನ್ನು ಅದೇ ಹೇಳಿತು. ಅವನ ಪಕ್ಕದವನು "ನಂದೂ ಬರ್ಕೊಳ್ಳಿ" ಎಂದ. ಫ್ಯಾನು ಹಾಕುವತನಕ ಆ ಕೋಣೆಗೆ ಬೀಗ ಎಂದು ಅಧಿಕಾರಿ ಅಲ್ಲೇ ಆದೇಶ ಮಾಡಿದರು.

ಗೇಟು ದಾಟುವಾಗ ಗಂಡ ತಮ್ಮನ ಹೆಗಲ ಮೇಲೆ ಕೈಯಿಟ್ಟು ತುಟಿಯಾಡಿಸಿದ.

"ಅಣ್ಣ ಏನಂದ, ಅತ್ತಿಗೆ?"

"ಕತ್ತೆ ಅಂದ್ರು."

ಗಂಡ ಅಂದದ್ದು ಅದಲ್ಲ. ಆದರೆ ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾಲಗೆ ಮುರಿದ ಯಂತ್ರ ಅವಳ ಚೀಲದಲ್ಲೇ ಇತ್ತು, ಅದಕ್ಕಾಗದ ಹೊಚ್ಚ ಹೊಸ ಕೇಬಲ್ಲನ್ನು ಸುತ್ತಿಕೊಂಡು.