ಆರಡಿ ಎತ್ತರಿಸಿದ ಸೇತುವೆ

ಸೇತುವೆಯನ್ನು ಎತ್ತರಿಸಿದವನು ನಾನು. ಬೈಗುಳ ತಿಂದವನು ದಸ್ತಗೀರ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ನಾಚಿಕೆಯಾಗುತ್ತದೆ.

ಸೈನ್ಯದ ತರಬೇತಿ ಕೇಂದ್ರವೊಂದರಲ್ಲಿ ನಾವಿಬ್ಬರೂ ಕೂಡಿ ಕೆಲಸ ಮಾಡಿದವರು. ನಾನು ಕೊಣ್ಣೂರಿನವನು, ಅವನು ರೋಣದವನು. ಕಂಪ್ಯೂಟರ್ ಪರದೆಗಳು ಇನ್ನೂ ಪೆಟ್ಟಿಗೆಯಷ್ಟು ದಪ್ಪಗಿದ್ದ ಕಾಲ. ಒಂದು ಕೋಣೆಯಲ್ಲಿ ಪರದೆಯ ಮೇಲೆ ಟ್ಯಾಂಕ್ ಓಡಿಸುವ ಅಭ್ಯಾಸ, ಪಕ್ಕದ ಕೋಣೆಯಲ್ಲಿ ತೋಪು ಹಾರಿಸುವುದು. ಎರಡನ್ನೂ ಜೋಡಿಸಿ ಒಂದೇ ರಣಾಂಗಣ ಮಾಡಬೇಕಿತ್ತು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ನೆಲ, ಗುಡ್ಡ, ನದಿ — ಎರಡೂ ಕಡೆ ಒಂದೇ ಅಳತೆಯಲ್ಲಿರಬೇಕು, ಕೂದಲೆಳೆಯಷ್ಟು ಬದಲಿಸಿದರೂ ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕು. ಟ್ಯಾಂಕಿನ ಕೋಣೆ ನನ್ನದು, ಎರಡೂ ಕಡೆಯ ನಕ್ಷೆಯ ಜವಾಬ್ದಾರಿ ದಸ್ತಗೀರನದು.

ಪ್ರದರ್ಶನದ ಹಿಂದಿನ ದಿನ ಅವನು ಎರಡೂ ಕೋಣೆಗಳ ಅಳತೆ ತಾಳೆ ನೋಡಿ ಸಹಿ ಹಾಕಿದ. ಅವನು ಹೋದ ಮೇಲೆ ನನ್ನ ಪರದೆಯ ನದಿಯ ಮೇಲೆ ಆ ಸೇತುವೆ ಕಂಡಿತು — ನೀರಿಗೆ ತಾಗುವಷ್ಟು ತಗ್ಗು. ಹೊಳೆ ಬಂದಾಗ ಸೇತುವೆ ಮುಳುಗುವುದನ್ನು ನೋಡುತ್ತ ಬೆಳೆದ ಕೊಣ್ಣೂರಿನವನು ನಾನು, ಕೈ ಸುಮ್ಮನಿರಲಿಲ್ಲ. ನನ್ನ ಕೋಣೆಯ ನಕ್ಷೆಯಲ್ಲಷ್ಟೇ ಆರಡಿ ಎತ್ತರಿಸಿದೆ. ರಿಜಿಸ್ಟರಿನಲ್ಲಿ ಆಮೇಲೆ ಬರೆದರಾಯಿತು ಅಂದುಕೊಂಡೆ... ಬರೆಯಲಿಲ್ಲ.

ಮರುದಿನ ಅಧಿಕಾರಿಗಳ ಮುಂದೆ ನನ್ನ ಕೋಣೆಯ ಟ್ಯಾಂಕ್ ಸೇತುವೆ ಹತ್ತಿತು. ಪಕ್ಕದ ಕೋಣೆಯ ಪರದೆಯಲ್ಲಿ ಅದೇ ಟ್ಯಾಂಕ್ ತಗ್ಗಿನ ಸೇತುವೆಗಿಂತ ಆರಡಿ ಮೇಲೆ ಗಾಳಿಯಲ್ಲಿ ತೇಲಿತು. ಜವಾನರು ನಕ್ಕರು, ಅಧಿಕಾರಿಗಳು ನಗಲಿಲ್ಲ.

ದಸ್ತಗೀರ ನನ್ನನ್ನು ಬದಿಗೆ ಕರೆದು ಕೇಳಿದ: "ಖರೇ ಹೇಳು, ನೀ ಏನರ ಮುಟ್ಟಿದ್ದೇನು?"

"ಇಲ್ಲೋ ಮಾರಾಯ."

ನಂಬಿದ. ಸಹಿ ತನ್ನದೇ ಅಲ್ಲವೇ — ಕಣ್ತಪ್ಪೂ ತನ್ನದೇ ಎಂದು ಒಪ್ಪಿಕೊಂಡ. ಇಷ್ಟಪಟ್ಟು ಮಾಡುತ್ತಿದ್ದ ನಕ್ಷೆಯ ಕೆಲಸ ಹೋಯಿತು. ನಿವೃತ್ತಿಯವರೆಗೂ ಉಗ್ರಾಣದಲ್ಲಿ ಸಾಮಾನು ಎಣಿಸಿದ.

ಈಗ ಇಬ್ಬರೂ ಊರು ಸೇರಿದ್ದೇವೆ, ಸುಖವಾಗಿದ್ದೇವೆ. ರೋಣದಲ್ಲಿ ಅವನದು ಅಪ್ಪನ ಕಸುಬು, ಬಡಿಗತನ. ಸಂತೆಗೆ ಹೋದಾಗಲೆಲ್ಲ ಅವನ ಅಂಗಡಿಯಲ್ಲಿ ಗಿರಮಿಟ್ಟು, ಚಹಾ, ಹೊತ್ತು ಹೋದದ್ದೇ ತಿಳಿಯದಷ್ಟು ಹರಟೆ. ಅವನ ಹೆಂಡತಿ ನನ್ನನ್ನು ಅಣ್ಣ ಎನ್ನುತ್ತಾಳೆ. ಆದರೆ ಒಂದು ಬಾಗಿಲಿಗೆ ಅವನು ಮೂರು ಸಲ ಅಳತೆ ಹಿಡಿಯುತ್ತಾನೆ. ಯಾಕೋ ಎಂದರೆ ನಗುತ್ತಾನೆ.

"ಆ ಬ್ರಿಜ್ ಆದಾಗಿಂದ ನನ್ನ ಕಣ್ಣಿನ ಮ್ಯಾಲ ನನಗ ನಂಬಿಕಿ ಇಲ್ಲ."

ಅವನ ಕೆಲಸ ಕಳೆದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಚುಚ್ಚುತ್ತದೆ. ಅವನ ಕಣ್ಣು ಆ ದಿನವೂ ಸರಿಯಾಗಿಯೇ ನೋಡಿತ್ತು.

ಬರುವ ಸೋಮವಾರ ನನ್ನ ಹಿತ್ತಲ ಬಾಗಿಲಿನ ಅಳತೆಗೆ ಕೊಣ್ಣೂರಿಗೆ ಬರುತ್ತಾನೆ. ಮೊದಲ ಸಲ ಹಿಡಿಯಲಿ. ಎರಡನೇ ಸಲ ಟೇಪು ಬಿಚ್ಚುವ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬಾಗಿಲು ಮಾಡುವುದೂ ಬಿಡುವುದೂ ಅವನಿಗೆ ಬಿಟ್ಟದ್ದು.