ನಿಂಬೆ ಗಿಡದ ಬುಡ ಬಿಡಿಸಿದ ಬೀಗತಿ

ನಮ್ಮ ಬೀಗತಿಯ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ತುದಿ ಸೀಳಿ, ಯಾವಾಗಲೂ ಕಂದು ಬಣ್ಣ ಹಿಡಿದಿರುತ್ತದೆ. ಮಗಳ ಮದುವೆಯಲ್ಲಿ ತಾಂಬೂಲ ಕೊಡುವಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ಇಂಥ ಅತ್ತೆಯ ಕೈಗೆ ಮಗಳನ್ನು ಒಪ್ಪಿಸುತ್ತಿದ್ದೇನಲ್ಲ ಎಂದು ಭಯವಾಗಿತ್ತು. ಜಗಳೂರಿನಿಂದ ಮಗಳು ಫೋನ್ ಮಾಡಿ "ಚೆನ್ನಾಗಿದ್ದೀನಮ್ಮ" ಎಂದಾಗಲೆಲ್ಲ, ಯಾವ ಮಗಳು ತಾನೇ ಚೆನ್ನಾಗಿಲ್ಲ ಅಂತಾಳೆ ಎಂದು ನನ್ನ ಚಿಂತೆ ಇನ್ನಷ್ಟು ಹೆಚ್ಚುತ್ತಿತ್ತು.

ಮಗಳು ಬಸುರಿಯಾದಳು. ಕುಬುಸದ ಶಾಸ್ತ್ರಕ್ಕೆ ಬೀಗತಿ ಸಂತೇಬೆನ್ನೂರಿನ ನಮ್ಮ ಮನೆಗೆ ಬಂದರು. ಮಳೆಗಾಲದ ಕೊನೆ. ಹಿತ್ತಲ ನಿಂಬೆ ಗಿಡದ ಎಲೆ ಹಳದಿಯಾಗಿ ಉದುರುತ್ತಿತ್ತು, ಕಾಯಿ ಗಿಡದಲ್ಲೇ ಕೊಳೆಯುತ್ತಿತ್ತು, ಬುಡದಿಂದ ಅಂಟು ಸುರಿಯುತ್ತಿತ್ತು. ಅದು ಸೊರಗಿದಷ್ಟೂ ನಾನು ಬುಡಕ್ಕೆ ಮಣ್ಣು, ಗೊಬ್ಬರ ಏರಿಸಿ, ಬಚ್ಚಲ ನೀರನ್ನೂ ಅತ್ತಲೇ ತಿರುಗಿಸಿದ್ದೆ. ಬಸುರಿಯ ಕಣ್ಣೆದುರು ಸಾಯುವ ಗಿಡ ಇರಬಾರದೆಂದು ನನ್ನ ತಮ್ಮ ಮಾರನೇ ದಿನ ಕಡಿಸಲು ಆಳಿಗೆ ಹೇಳಿದ್ದ.

ಆರತಿ ಮುಗಿದು ಊಟಕ್ಕೆ ಎಲೆ ಹಾಕಿದರೆ ಬೀಗತಿಯೇ ಇಲ್ಲ! ಹಿತ್ತಲಿಗೆ ಓಡಿದೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನದೇ ಕುಡಗೋಲಿನಿಂದ ಗಿಡದ ಬುಡದ ಮಣ್ಣು ಎಳೆಯುತ್ತಾ ಕೂತಿದ್ದರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಮಣೆ ಹಾಕಿ ಕೂರಿಸಬೇಕಾದ ದಿನ ಬೀಗತಿಯ ಕೈಲಿ ಮಣ್ಣು ತೋಡಿಸಿದರು ಎಂದು ಜಗಳೂರೆಲ್ಲ ಆಡಿಕೊಳ್ಳುವುದಿಲ್ಲವೇ?

"ಬಿಡ್ರಿ ಬೀಗ್ರೇ, ಕೈ ಮುಗೀತೀನಿ. ನಾಳೆ ಕಡಿಸ್ತೀವಿ ಅದನ್ನ," ಎಂದೆ.

"ಕಡ್ಸಾಕೆ ಅದಕ್ಕೇನಾಗೈತ್ರಿ?" ಎನ್ನುತ್ತಾ ಆ ಉಗುರಿನಿಂದ ತೊಗಟೆ ಕೆರೆದರು. ಕಂದು, ಹುಳಿ ವಾಸನೆ. ಮಗ್ಗುಲು ಬದಲಿಸಿ ಇನ್ನೊಂದು ಕಡೆ ಕೆರೆದರು. ಹಸಿರು. "ನೋಡ್ರಿ, ಇನ್ನೂ ಜೀವ ಐತೆ. ಬುಡಕ್ಕೆ ಮಣ್ಣು ಒತ್ತಿ, ದಿನಾ ನೀರು ನಿಲ್ಸಿದ್ರೆ ಕೊಳೀದೆ ಏನ್ ಮಾಡ್ತೈತೆ? ನಾನೂ ಒಂದು ಮೋಸಂಬಿ ಗಿಡ ಹಿಂಗೇ ಕೊಂದೀನಿ. ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ ಹುಯ್ದು ಹುಯ್ದು."

ಆಕೆ ಹೇಳಿದ ಹಾಗೆ ಕೊಳೆತ ತೊಗಟೆಯನ್ನು ಹಸಿರು ಕಾಣುವ ತನಕ ಕೆತ್ತಿ, ಅಡಿಕೆಗೆ ಹೊಡೆಯಲು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಮೈಲುತುತ್ತವನ್ನು ಸುಣ್ಣದ ಜೊತೆ ಗಟ್ಟಿಯಾಗಿ ಕಲಸಿ ಬಳಿದೆವು. ನೆಲಕ್ಕೆ ತಾಗುವ ಕೊಂಬೆ ಕತ್ತರಿಸಿದೆವು. ಮಳೆಹನಿ ಮಣ್ಣು ಎಗರಿಸಿ ಕಾಯಿಗೆ ರೋಗ ಹತ್ತಿಸುತ್ತದಂತೆ. ಬಿದ್ದ ಕಾಯಿಗಳನ್ನು ದೂರ ಹೂತದ್ದಾಯಿತು. ಬಚ್ಚಲ ನೀರು ಬಾಳೆಯ ಪಾಲಾಯಿತು.

ಹೆರಿಗೆಗೆಂದು ಮಗಳು ನಮ್ಮಲ್ಲೇ ಉಳಿದಳು. ಬೀಗತಿ ಫೋನ್ ಮಾಡಿದಾಗಲೆಲ್ಲ ಮೊದಲು ಸೊಸೆಯ ವಿಚಾರ, ಆಮೇಲೆ "ಗಿಡ ಹೆಂಗೈತ್ರಿ?" ಒಂದು ಸಲ, ಚಿಗುರೇ ಬಂದಿಲ್ಲ ಎಂದು ಕೊರಗಿದೆ.

"ಅವಸರ ಮಾಡ್ಬ್ಯಾಡ್ರಿ. ನಿಮ್ ಮಗಳೂ ಮೊದಮೊದಲು ನಮ್ಮನೇಲಿ ಸರಿಯಾಗಿ ಉಣ್ತಿರಲಿಲ್ಲ. ಯಾಕಂತ ನಾನು ಕೇಳಾಕೆ ಹೋಗ್ಲಿಲ್ಲ. ತಟ್ಟೆ ಪಕ್ಕ ಉಪ್ಪಿನಕಾಯಿ ಇಟ್ಟು ಎದ್ದೋಗ್ತಿದ್ದೆ. ನಾನಿದ್ರೆ ಹುಡುಗಿ ನಾಚ್ಕೊಳ್ಳೋಳು."

ಮಗಳು ಇದನ್ನು ನನಗೆ ಹೇಳಿಯೇ ಇರಲಿಲ್ಲ. ಮದುವೆಯ ದಿನದಿಂದ ಹೊತ್ತುಕೊಂಡಿದ್ದ ಭಯ ಆ ಕ್ಷಣ ಇಳಿಯಿತು. ಫೋನ್ ಇಟ್ಟು, ಸಮಾಧಾನಕ್ಕೆ ಅತ್ತುಬಿಟ್ಟೆ.

ಗಿಡ ತಡವಾಗಿಯಾದರೂ ಚಿಗುರಿತು. ಮೊಮ್ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಕರೆದೊಯ್ಯಲು ಬೀಗತಿ ಬಂದ ದಿನ ಮಗಳು ತಾನೇ ಚೀಲ ಎತ್ತಲು ಹೋದಳು.

"ಬಾಣಂತಿ ಭಾರ ಎತ್ತಾಕೆ ಹೊಂಟೀಯಾ? ಬುದ್ಧಿ ಎಲ್ಲಿಟ್ಟೀಯೇ?" ಎಂದು ಬೀಗತಿ ಗದರಿದರು.

ಮಗಳು ಕಿಲಕಿಲ ನಕ್ಕು, ಚೀಲವನ್ನು ಅತ್ತೆಯ ಹೆಗಲಿಗೇ ನೇತುಹಾಕಿದಳು. ಗಿಡ ಉಳಿಸಿಕೊಟ್ಟ ಉಪಕಾರವನ್ನು ಒಂದು ಬುಟ್ಟಿ ನಿಂಬೆಹಣ್ಣಿನಲ್ಲಿ ತೀರಿಸಬಹುದು. ಆ ನಗುವಿನ ಋಣ ಹೇಗೆ ತೀರಿಸುವುದೋ ನನಗೆ ಗೊತ್ತಿಲ್ಲ. ಕಾರು ಹೊರಟಾಗ "ಹೋಗಿ ಬಾರಮ್ಮ" ಎಂದೆ. ನನ್ನ ದನಿ ನಡುಗಲಿಲ್ಲ.